ನುಡಿಯ ಕೊಳುಕೊಡೆ: ರೈನ್ ನದಿಯ ಎರಡು ದಡಗಳು

ಸ್ವಿಟ್ಸರ್ಲೆಂಡಿನ ಆಲ್ಪ್ಸ್ ಪರ್ವತಗಳಲ್ಲಿ ಹುಟ್ಟುವ ರೈನ್ ನದಿ ಬಾಸೆಲ್ ನಗರವನ್ನು ತಲಪಿದೊಡನೆ ಉತ್ತರಕ್ಕೆ ತಿರುಗುತ್ತದೆ. ಅಲ್ಲಿಂದ ಮುಂದೆ ಸುಮಾರು 180 ಕಿಲೋಮೀಟರುಗಳವರೆಗೆ ಅದು ಎರಡು ರಾಷ್ಟ್ರಗಳ ಗಡಿ. ಎಡದಡದಲ್ಲಿ ಫ್ರಾನ್ಸು, ಬಲದಡದಲ್ಲಿ ಜರ್ಮನಿ. ಈ ಗಡಿಯ ಉತ್ತರ ಭಾಗದಲ್ಲಿ, ಎದುರುಬದುರಾಗಿ, ಎರಡು ಊರುಗಳಿವೆ. ಫ್ರಾನ್ಸಿನ ಕಡೆ ಇರುವುದು ಸ್ಟ್ರಾಸ್‌ಬರ್ಗ್ ಮಹಾನಗರ; ಜರ್ಮನಿಯ ಕಡೆ ಇರುವುದು ಕೇಲ್ ಎಂಬ ಸಣ್ಣ ಪಟ್ಟಣ. ಇವೆರಡರ ನಡುವೆ 2017ರ ಏಪ್ರಿಲ್ 28ರಿಂದ ಟ್ರಾಮ್ ಗಾಡಿಯೊಂದು ಓಡಾಡುತ್ತಿದೆ. ಸ್ಟ್ರಾಸ್‌ಬರ್ಗಿನಲ್ಲಿ ಹತ್ತಿದ ಪ್ರವಾಸಿ ನದಿಯನ್ನು ದಾಟಿ ಕೆಲವೇ ನಿಮಿಷಗಳಲ್ಲಿ ಇನ್ನೊಂದು ದೇಶದಲ್ಲಿ ಇಳಿಯುತ್ತಾನೆ. ಗಾಡಿ ಬದಲಾಗುವುದಿಲ್ಲ, ಚೀಟಿಯ ದರ್ಜೆ ಬದಲಾಗುವುದಿಲ್ಲ. ಅಂಗಡಿಯ ಬೋರ್ಡಿನ ಭಾಷೆ ಮಾತ್ರ ಬದಲಾಗುತ್ತದೆ.

ಆ ಟ್ರಾಮಿನಲ್ಲಿ ಕಿವಿಗೊಟ್ಟು ಕುಳಿತವನಿಗೆ ಮೂರು ಭಾಷೆಗಳು ಕೇಳಿಸಬಹುದು. ಸ್ಟ್ರಾಸ್‌ಬರ್ಗಿನ ಗೃಹಿಣಿಯರು ಸಾಬೂನು ಮೊದಲಾದ ಮನೆವಾರ್ತೆಯ ಸಾಮಾನು ಅಗ್ಗವೆಂದು ಕೇಲ್‌ಗೆ ಹೋಗುತ್ತಾರೆ. ಕೇಲ್‌ನವರು ಒಳ್ಳೆಯ ಬ್ರೆಡ್ಡನ್ನೂ ಗಿಣ್ಣನ್ನೂ ಅರಸಿ ಸ್ಟ್ರಾಸ್‌ಬರ್ಗಿಗೆ ಬರುತ್ತಾರೆ. ಒಬ್ಬರದು ಫ್ರೆಂಚು, ಇನ್ನೊಬ್ಬರದು ಜರ್ಮನ್. ಇವೆರಡೂ ಅಲ್ಲದ ಮೂರನೆಯದೊಂದು ಉಂಟು. ಅದನ್ನು ಆಡುವವರು ಬಹುಮಟ್ಟಿಗೆ ನರೆತ ತಲೆಯವರು. ಅದು ಆಲ್ಸೇಸ್ ಪ್ರಾಂತದ ಮನೆಮಾತು, ಜರ್ಮನ್ ಬಳಗಕ್ಕೆ ಸೇರಿದ ಒಂದು ಉಪಭಾಷೆ. ನದಿಯಾಚೆಯ ಹಳ್ಳಿಗರ ಆಡುನುಡಿಯೂ ಇದಕ್ಕೆ ಒಡಹುಟ್ಟು. ಎರಡೂ ದಡದ ಮುದುಕರು ಶಿಷ್ಟಭಾಷೆಯ ಹಂಗಿಲ್ಲದೆಯೇ ಒಬ್ಬರನ್ನೊಬ್ಬರು ಅರಿತುಕೊಳ್ಳಬಲ್ಲರು. ಅವರ ಮೊಮ್ಮಕ್ಕಳು ಮಾತ್ರ ಅರಿತುಕೊಳ್ಳಲು ಪಾಠ ಕಲಿಯಬೇಕಾಗಿದೆ. ಹೀಗೇಕಾಯಿತು, ಆ ಪಾಠ ಹೇಗೆ ನಡೆಯುತ್ತಿದೆ ಎಂಬುದು ಈ ಎರಡು ಊರುಗಳ ಕತೆಯಲ್ಲಿ ಬಹು ಮುಖ್ಯವಾದ ಭಾಗ.

ಪರರ ನುಡಿಯಲ್ಲಿ ಪ್ರತಿಜ್ಞೆ

ಸ್ಟ್ರಾಸ್‌ಬರ್ಗ್ ಎಂದರೆ ಹಾದಿಗಳ ಕೋಟೆ ಎಂದರ್ಥ. ನಾಲ್ಕು ದಿಕ್ಕಿನ ಮಾರ್ಗಗಳೂ ಇಲ್ಲಿ ಕೂಡುತ್ತಿದ್ದುವು. ಸೈನ್ಯಗಳು ಬಂದುದೂ ಇದೇ ಮಾರ್ಗಗಳಲ್ಲಿ. ಕ್ರಿ.ಶ. 842ರ ಫೆಬ್ರವರಿ 14ರಂದು ಇಲ್ಲಿ ಎರಡು ಸೈನ್ಯಗಳು ಒಂದೇ ಬಯಲಿನಲ್ಲಿ ನೆರೆದುವು. ಕಾದಾಡುವುದಕ್ಕಲ್ಲ, ಕೈಜೋಡಿಸುವುದಕ್ಕೆ. ಚಕ್ರವರ್ತಿ ಷಾರ್ಲಮೇನನ ಮೊಮ್ಮಕ್ಕಳಾದ ಲೂಯಿ ಮತ್ತು ಚಾರ್ಲ್ಸ್ ಎಂಬ ಇಬ್ಬರು ಸೋದರರು, ತಮ್ಮ ಹಿರಿಯಣ್ಣ ಲೋಥಾರನ ವಿರುದ್ಧ ಒಬ್ಬರಿಗೊಬ್ಬರು ಬೆಂಬಲವಾಗಿ ನಿಲ್ಲುವುದಾಗಿ ಅಲ್ಲಿ ಪ್ರತಿಜ್ಞೆ ಮಾಡಿದರು. ಲೂಯಿಯ ಪ್ರಜೆಗಳದು ಜರ್ಮನ್ ಬಗೆಯ ಭಾಷೆ. ಚಾರ್ಲ್ಸನ ಪ್ರಜೆಗಳದು ಲ್ಯಾಟಿನ್ನಿನಿಂದ ಒಡೆದು ಬೆಳೆಯುತ್ತಿದ್ದ, ಮುಂದೆ ಫ್ರೆಂಚ್ ಎನಿಸಿಕೊಂಡ ಭಾಷೆ.

ಸ್ವಾರಸ್ಯವಿರುವುದು ಪ್ರತಿಜ್ಞೆ ನಡೆದ ರೀತಿಯಲ್ಲಿ. ಲೂಯಿ ತನ್ನ ಭಾಷೆಯಲ್ಲಿ ನುಡಿಯಲಿಲ್ಲ. ಚಾರ್ಲ್ಸನ ಸೈನಿಕರಿಗೆ ತಿಳಿಯಬೇಕೆಂದು ಅವರ ಭಾಷೆಯಲ್ಲಿ ನುಡಿದನು. ಹಾಗೆಯೇ ಚಾರ್ಲ್ಸನು ಲೂಯಿಯ ಸೈನಿಕರ ಭಾಷೆಯಲ್ಲಿ ನುಡಿದನು. ಷಾರ್ಲಮೇನನ ಮಗಳ ಮಗನಾದ ನಿಥಾರ್ಡ್ ಎಂಬ ಇತಿಹಾಸಕಾರನು ಆ ಮಾತುಗಳನ್ನು ಎರಡು ಭಾಷೆಗಳಲ್ಲಿಯೂ ಬರೆದಿಟ್ಟನು. ಫ್ರೆಂಚ್ ಭಾಷೆಯ ಅತ್ಯಂತ ಹಳೆಯ ಲಿಖಿತ ಪಾಠವೆಂದು ವಿದ್ವಾಂಸರು ಎಣಿಸುವುದು ಅದನ್ನೇ. ಫ್ರೆಂಚಿನ ಈ ಮೊದಲ ಮಾತುಗಳು ಹೊರಟಿದ್ದು ಜರ್ಮನ್ನರ ದೊರೆಯೊಬ್ಬನ ಬಾಯಿಂದ ಎಂಬುದು ಗಮನಾರ್ಹ. ಅದೇ ಒಂಬತ್ತನೆಯ ಶತಮಾನದ ನಡುಭಾಗದಲ್ಲಿ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದನು. ಅವನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿತು. ಕನ್ನಡವು ತನ್ನ ನಾಡಿನ ಎಲ್ಲೆಯನ್ನು ತಾನೇ ಗುರುತಿಸಿಕೊಂಡ ಕಾಲದಲ್ಲಿಯೇ ಫ್ರೆಂಚು ನೆರೆಯವನ ಬಾಯಲ್ಲಿ ತೊದಲ್ನುಡಿ ಕಲಿಯುತ್ತಿದ್ದಿತು.

ಮರುವರ್ಷವೇ, ಅಂದರೆ 843ರಲ್ಲಿ, ವೆರ್ಡನ್ ಎಂಬಲ್ಲಿ ಆದ ಒಪ್ಪಂದದಂತೆ ಸಾಮ್ರಾಜ್ಯವು ಮೂರು ಪಾಲಾಯಿತು. ಲೋಥಾರನ ಪಾಲಿಗೆ ಬಂದುದು ಮಧ್ಯದ ಉದ್ದನೆಯ ಪಟ್ಟಿ. ಆಲ್ಸೇಸ್ ಆ ಪಟ್ಟಿಗೆ ಸೇರಿದ್ದಿತು. ಆ ಮಧ್ಯದ ನೆಲಕ್ಕಾಗಿ ಎರಡು ಕಡೆಯವರೂ ಕೈಚಾಚಿದ ಕತೆ ಸಾವಿರ ವರ್ಷಗಳವರೆಗೆ ಬೆಳೆಯಿತು.

ಗಯಟೆ ಕಲಿಯಲು ಬಂದ ಫ್ರೆಂಚು

ಸ್ಟ್ರಾಸ್‌ಬರ್ಗಿಗೆ ಬಂದವರು ಮೊದಲು ನೋಡುವುದು ಅಲ್ಲಿಯ ದೊಡ್ಡ ಇಗರ್ಜಿಯನ್ನು. ವೋಜ್ ಬೆಟ್ಟಗಳ ಕೆಂಪು ಮರಳುಗಲ್ಲಿನಲ್ಲಿ ಕಟ್ಟಿದ ಆ ದೇವಾಲಯಕ್ಕೆ ಒಂದೇ ಗೋಪುರ. ಜೊತೆಗೆ ಇರಬೇಕಾಗಿದ್ದ ಇನ್ನೊಂದನ್ನು ಕಟ್ಟಲೇ ಇಲ್ಲ. 1439ರಲ್ಲಿ ಪೂರ್ತಿಯಾದ ಈ ಗೋಪುರದ ಎತ್ತರ 142 ಮೀಟರು. 1647ರಿಂದ 1874ರವರೆಗೆ ಲೋಕದಲ್ಲಿ ಅದಕ್ಕಿಂತ ಎತ್ತರವಾದ ಕಟ್ಟಡವಿರಲಿಲ್ಲ. ಸಂಜೆಯ ಬಿಸಿಲು ಬಿದ್ದಾಗ ಅದರ ಕಲ್ಲು ಕಾವಿಬಣ್ಣಕ್ಕೆ ತಿರುಗುತ್ತದೆ. ಕಲ್ಲಿನ ಕುಸುರಿಯನ್ನು ಕಂಡ ಕನ್ನಡಿಗನಿಗೆ ಬೇಲೂರು ನೆನಪಾದರೆ ಆಶ್ಚರ್ಯವಿಲ್ಲ; ಬೇಲೂರಿನ ಶಿಲ್ಪಿ ಅಗಲಕ್ಕೆ ಬಿಡಿಸಿದುದನ್ನು ಇಲ್ಲಿಯವನು ಎತ್ತರಕ್ಕೆ ಏರಿಸಿದ್ದಾನೆ.

1770ರ ವಸಂತದಲ್ಲಿ ಇಪ್ಪತ್ತು ವರ್ಷದ ತರುಣನೊಬ್ಬನು ಈ ಊರಿಗೆ ಬಂದು, ಮತ್ತೆ ಮತ್ತೆ ಆ ಗೋಪುರವನ್ನು ಹತ್ತಿದನು. ಎತ್ತರಕ್ಕೆ ಹೋದರೆ ತಲೆ ಸುತ್ತುವ ದೌರ್ಬಲ್ಯವನ್ನು ಗೆಲ್ಲಬೇಕೆಂಬುದು ಅವನ ಹಟ. ಅವನೇ ಜರ್ಮನ್ನರ ಮಹಾಕವಿ ಗಯಟೆ. ಮುಂದೊಂದು ದಿನ ಕಾಳಿದಾಸನ 'ಶಾಕುಂತಲ'ವನ್ನು ಅನುವಾದದಲ್ಲಿ ಓದಿ ಮನಸಾರೆ ಕೊಂಡಾಡಿದವನು. ಆಗ ಸ್ಟ್ರಾಸ್‌ಬರ್ಗ್ ಫ್ರೆಂಚ್ ದೊರೆಯ ಆಳ್ವಿಕೆಯಲ್ಲಿದ್ದಿತು. 1681ರಲ್ಲಿ ಹದಿನಾಲ್ಕನೆಯ ಲೂಯಿ ಅದನ್ನು ವಶಪಡಿಸಿಕೊಂಡಿದ್ದನು. ಕಾನೂನಿನ ವ್ಯಾಸಂಗವನ್ನು ಮುಗಿಸುವುದರ ಜೊತೆಗೆ ತನ್ನ ಫ್ರೆಂಚನ್ನು ತಿದ್ದಿ ತೀಡಿಕೊಳ್ಳಬೇಕೆಂಬುದೂ ಗಯಟೆಯ ಆಶೆಯಾಗಿತ್ತು.

ಆ ಆಶೆ ಕೈಗೂಡಲಿಲ್ಲ. ಅವನು ತನ್ನ ಆತ್ಮಕಥೆಯಲ್ಲಿ ಇದರ ಕಾರಣವನ್ನು ವಿವರಿಸಿದ್ದಾನೆ. ಪುಸ್ತಕಗಳಿಂದಲೂ ನಾಟಕಗಳಿಂದಲೂ ಅಲ್ಲಲ್ಲಿ ಹೆಕ್ಕಿ ಕೂಡಿಸಿದ ಅವನ ಫ್ರೆಂಚು ಒಂದು ಹದಕ್ಕೆ ಬಂದಿರಲಿಲ್ಲ. ಬಾಯಿ ತೆರೆದರೆ ಫ್ರೆಂಚರು ವಿನಯದಿಂದಲೇ ತಪ್ಪನ್ನು ತಿದ್ದುತ್ತಿದ್ದರು. ಪರದೇಶಿಯಾದವನು ಎಷ್ಟು ಕಲಿತರೂ ಅವರ ಕಣ್ಣಿಗೆ ಪರದೇಶಿಯೇ. ಬೇಸತ್ತ ಗಯಟೆಯೂ ಅವನ ಊಟದ ಮೇಜಿನ ಗೆಳೆಯರೂ ಫ್ರೆಂಚನ್ನು ಬಿಟ್ಟು ಜರ್ಮನ್ನಿನ ಕಡೆಗೇ ತಿರುಗಿದರು. ಅದೇ ಊರಿನಲ್ಲಿ ಅವನಿಗೆ ಹೆರ್ಡರ್ ಎಂಬ ವಿದ್ವಾಂಸನ ಪರಿಚಯವಾಗಿ, ಅವನ ಪ್ರೇರಣೆಯಿಂದ ಆಲ್ಸೇಸಿನ ಹಳ್ಳಿಗಳಲ್ಲಿ ಜನಪದ ಗೀತೆಗಳನ್ನು ಸಂಗ್ರಹಿಸಿದನು. ಜರ್ಮನ್ ಸಾಹಿತ್ಯಕ್ಕೆ ಇದರಿಂದ ಲಾಭವೇ ಆಯಿತು. ಆದರೆ ಭಾಷೆ ಕಲಿಯುವವರಿಗೆ ಇದರಲ್ಲೊಂದು ಎಚ್ಚರಿಕೆಯೂ ಇದೆ. ಯಾವಾಗಲೂ ಒಬ್ಬನೇ ಗುರು, ಇನ್ನೊಬ್ಬನೇ ಶಿಷ್ಯ ಎಂದಾದಲ್ಲಿ ಶಿಷ್ಯನ ನಾಲಗೆ ಹೆಪ್ಪುಗಟ್ಟುತ್ತದೆ. ಗಯಟೆಯ ಫ್ರೆಂಚನ್ನು ತಿದ್ದಿದವರು ಅವನಿಂದ ಜರ್ಮನ್ ಕಲಿಯಲು ಬಯಸಿದ್ದರೆ ಕತೆ ಬೇರೆಯಾಗುತ್ತಿತ್ತೋ ಏನೋ!

ಅಪ್ಪಣೆಯಿಂದ ಬದಲಾದ ಭಾಷೆ

1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ಹತ್ತಿತು. ಸ್ಟ್ರಾಸ್‌ಬರ್ಗಿಗೆ ಮುತ್ತಿಗೆ ಬಿತ್ತು. ಆಗಸ್ಟ್ 24ರ ರಾತ್ರಿ ಜರ್ಮನ್ ತೋಪುಗಳ ಗುಂಡಿನಿಂದ ನಗರದ ಗ್ರಂಥಭಂಡಾರ ಉರಿದುಹೋಯಿತು. ಹನ್ನೆರಡನೆಯ ಶತಮಾನದಲ್ಲಿ ಹೆರಾಡ್ ಎಂಬ ಸನ್ಯಾಸಿನಿ ಸಿದ್ಧಪಡಿಸಿದ್ದ ಅಪೂರ್ವ ಸಚಿತ್ರ ಹಸ್ತಪ್ರತಿ ಆ ರಾತ್ರಿ ಬೂದಿಯಾಯಿತು. ಸೋತ ಫ್ರಾನ್ಸು 1871ರಲ್ಲಿ ಆಲ್ಸೇಸನ್ನು ಜರ್ಮನಿಗೆ ಒಪ್ಪಿಸಿತು. ಸುಟ್ಟ ಭಂಡಾರದ ಸ್ಥಾನದಲ್ಲಿ ಜರ್ಮನ್ನರು ದೊಡ್ಡ ಗ್ರಂಥಾಲಯವನ್ನು ಕಟ್ಟಿಸಿದರು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಎರ್ನ್‌ಸ್ಟ್ ಲಾಯ್‌ಮನ್ ಎಂಬ ಪಂಡಿತರು ಭಾರತದ ಜೈನ ಹಸ್ತಪ್ರತಿಗಳನ್ನು ತರಿಸಿ ಅದಕ್ಕೆ ಸೇರಿಸಿದರು. ಒಂದು ಕೈ ಸುಟ್ಟುದನ್ನು ಇನ್ನೊಂದು ಕೈ ಕಟ್ಟಿದುದು ಹೀಗೆ.

ಆ ಕಾಲದ ಕತೆಯೊಂದು ನಮ್ಮಲ್ಲಿಯೂ ಪರಿಚಿತ. ಆಲ್ಫೋನ್ಸ್ ದೋದೆ ಬರೆದ 'ಕೊನೆಯ ಪಾಠ' ನಮ್ಮ ದೇಶದ ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿಯೂ ಸೇರಿದೆ. ಆಲ್ಸೇಸಿನ ಹಳ್ಳಿಯೊಂದರ ಶಾಲೆಯಲ್ಲಿ ನಾಳೆಯಿಂದ ಜರ್ಮನ್ ಮಾತ್ರ ಕಲಿಸತಕ್ಕದ್ದೆಂದು ಅಪ್ಪಣೆ ಬಂದಿದೆ. ಮುದಿ ಉಪಾಧ್ಯಾಯರು ಹಬ್ಬದ ಉಡುಪು ತೊಟ್ಟು ಫ್ರೆಂಚಿನ ಕೊನೆಯ ಪಾಠವನ್ನು ಹೇಳುತ್ತಾರೆ. ಓದಿದವರ ಕಣ್ಣು ತೇವವಾಗದೆ ಇರದು. ಆದರೆ ಆ ಕತೆ ಹೇಳದೆ ಬಿಟ್ಟ ಮಾತೊಂದಿದೆ. ಅಂಥ ಹಳ್ಳಿಗಳ ಹೆಚ್ಚಿನ ಮಕ್ಕಳು ಮನೆಯಲ್ಲಿ ತಾಯಿಯೊಡನೆ ಆಡುತ್ತಿದ್ದುದು ಫ್ರೆಂಚನ್ನಲ್ಲ, ಆಲ್ಸೇಸಿನ ಜರ್ಮನ್ ಆಡುನುಡಿಯನ್ನು. ರಾಜಕೀಯವಾಗಿ ಅವರ ಮನಸ್ಸು ಫ್ರಾನ್ಸಿನ ಕಡೆ ಇದ್ದಿರಬಹುದು. ನಾಲಗೆ ರೈನ್ ದಡದ್ದು. ಮನಸ್ಸನ್ನೂ ನಾಲಗೆಯನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಬೇಕೆಂದು ಹೊರಟ ಸರಕಾರಗಳು ಎರಡು ಕಡೆಯಲ್ಲಿಯೂ ಬಂದುವು.

1918ರಲ್ಲಿ ಜರ್ಮನಿ ಸೋತಿತು. ಆಲ್ಸೇಸ್ ಮತ್ತೆ ಫ್ರಾನ್ಸಿಗೆ ಬಂದಿತು. 1940ರಲ್ಲಿ ಫ್ರಾನ್ಸು ಸೋತಿತು, ನಾಜಿಗಳು ಬಂದರು. ಫ್ರೆಂಚ್ ಮಾತಾಡುವುದೇ ಅಪರಾಧವಾಯಿತು. ಬೀದಿಗಳ ಹೆಸರಿನೊಡನೆ ಮನುಷ್ಯರ ಹೆಸರುಗಳನ್ನೂ ಬದಲಾಯಿಸಿದರು. ಫ್ರೆಂಚರ ಗುರುತೆಂದು ತಲೆಯ ಮೇಲಿನ ಬೆರೆ ಟೋಪಿಯನ್ನೂ ನಿಷೇಧಿಸಿದರು. 1942ರಿಂದ ಆಲ್ಸೇಸ್ ಮತ್ತು ನೆರೆಯ ಮೋಸೆಲ್ ಜಿಲ್ಲೆಗಳ ಸುಮಾರು 1,30,000 ತರುಣರನ್ನು ಬಲಾತ್ಕಾರವಾಗಿ ಜರ್ಮನ್ ಸೈನ್ಯಕ್ಕೆ ಸೇರಿಸಿದರು. 'ನಮ್ಮ ಇಷ್ಟಕ್ಕೆ ವಿರುದ್ಧವಾಗಿ ಹೋದವರು' ಎಂದು ಆ ನಾಡಿನವರು ಅವರನ್ನು ಇಂದಿಗೂ ಕರೆಯುತ್ತಾರೆ. ಹಿಂದಿರುಗಿ ಬಾರದವರು ಸಾವಿರ ಸಾವಿರ.

1944ರ ನವೆಂಬರ್ 23ರಂದು ಸ್ಟ್ರಾಸ್‌ಬರ್ಗ್ ಬಿಡುಗಡೆಯಾಯಿತು. ಆಗ ಭಾಷೆಯ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಪ್ರಾಥಮಿಕ ಶಾಲೆಗಳಲ್ಲಿ ಜರ್ಮನ್ ಪಾಠ ನಿಂತಿತು. ಫ್ರೆಂಚಿನಲ್ಲಿ ಮಾತಾಡುವುದೇ ಸೊಗಸೆಂದು ಭಿತ್ತಿಪತ್ರಗಳು ಸಾರಿದುವು. ತಾಯಂದಿರು ಮಕ್ಕಳೊಡನೆ ಮನೆಮಾತಾಡಲು ಹಿಂಜರಿದರು. ಅದರಲ್ಲಿ ಶತ್ರುವಿನ ದನಿ ಕೇಳಿಸುತ್ತಿತ್ತು. ನದಿಯಾಚೆಯ ಕೇಲ್ ಪಟ್ಟಣದ ಪಾಡು ಇನ್ನೂ ವಿಚಿತ್ರ. ಅಲ್ಲಿಯ ಜರ್ಮನ್ ನಿವಾಸಿಗಳು ಊರು ಬಿಟ್ಟಿದ್ದರು. ಮನೆಗಳಲ್ಲಿ ಫ್ರೆಂಚರು ವಾಸವಾದರು. ಊರು ಮತ್ತೆ ಪೂರ್ಣವಾಗಿ ಜರ್ಮನ್ನರ ಕೈಸೇರಿದುದು 1953ರ ಏಪ್ರಿಲ್ ತಿಂಗಳಲ್ಲಿ.

1870ಕ್ಕೆ ಮೊದಲು ಹುಟ್ಟಿ ದೀರ್ಘಕಾಲ ಬಾಳಿದ ಆಲ್ಸೇಸಿನ ಮುದುಕಿಯೊಬ್ಬಳನ್ನು ಊಹಿಸಿಕೊಳ್ಳಬೇಕು. ತನ್ನ ಮನೆಯ ಹೊಸ್ತಿಲು ದಾಟದೆಯೇ ಅವಳು ನಾಲ್ಕು ಬಾರಿ ದೇಶ ಬದಲಾಯಿಸಿದ್ದಾಳೆ. ಕಾಸರಗೋಡು, ಬೆಳಗಾವಿ, ಸೊಲ್ಲಾಪುರಗಳ ಗಡಿಯಲ್ಲಿ ಬಾಳಿದವರಿಗೆ ಅವಳ ಗೊಂದಲದ ಒಂದಂಶವಾದರೂ ಅರ್ಥವಾದೀತು.

ಮತ್ತೊಬ್ಬ ಚಾರ್ಲ್ಸ್

ಒಂದನೆಯ ಮಹಾಯುದ್ಧದಲ್ಲಿ, 1916ರಲ್ಲಿ, ಅದೇ ವೆರ್ಡನ್ನಿನ ರಣರಂಗದಲ್ಲಿ ಫ್ರೆಂಚ್ ಸೇನಾಧಿಕಾರಿಯೊಬ್ಬನು ಗಾಯಗೊಂಡು ಜರ್ಮನ್ನರ ಸೆರೆಯಾದನು. ಸೆರೆಯಲ್ಲಿದ್ದ ಎರಡೂವರೆ ವರ್ಷಗಳಲ್ಲಿ ಅವನು ಜರ್ಮನ್ ಪತ್ರಿಕೆಗಳನ್ನು ಓದುತ್ತ ಆ ಭಾಷೆಯನ್ನು ಬಲಪಡಿಸಿಕೊಂಡನು. ಅವನೇ ಮುಂದೆ ಫ್ರಾನ್ಸಿನ ಅಧ್ಯಕ್ಷನಾದ ಚಾರ್ಲ್ಸ್ ದ ಗಾಲ್. 1962ರ ಸೆಪ್ಟೆಂಬರ್ 9ರಂದು ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಅರಮನೆಯ ಅಂಗಳದಲ್ಲಿ ಸಾವಿರಾರು ಜರ್ಮನ್ ತರುಣರ ಎದುರಿಗೆ ನಿಂತು ಅವನು ಭಾಷಣ ಮಾಡಿದನು, ಅವರದೇ ಭಾಷೆಯಲ್ಲಿ. ಭಾಷಣವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದನು. 842ರ ಚಾರ್ಲ್ಸನು ಸ್ಟ್ರಾಸ್‌ಬರ್ಗಿನಲ್ಲಿ ಮಾಡಿದುದನ್ನು 1120 ವರ್ಷಗಳ ಮೇಲೆ ಇನ್ನೊಬ್ಬ ಚಾರ್ಲ್ಸ್ ಮತ್ತೆ ಮಾಡಿದಂತಾಯಿತು.

ನಾಲ್ಕು ತಿಂಗಳ ತರುವಾಯ, 1963ರ ಜನವರಿ 22ರಂದು, ದ ಗಾಲ್ ಮತ್ತು ಜರ್ಮನಿಯ ಪ್ರಧಾನಿ ಅಡೆನಾವರ್ ಪ್ಯಾರಿಸಿನ ಎಲಿಸೆ ಅರಮನೆಯಲ್ಲಿ ಸ್ನೇಹದ ಒಪ್ಪಂದಕ್ಕೆ ಸಹಿಮಾಡಿದರು. ನೆರೆಯವರ ಭಾಷೆಯನ್ನು ಕಲಿಸುವ ಮಾತು ಆ ಒಪ್ಪಂದದಲ್ಲಿಯೇ ಇದ್ದಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಎರಡು ರಾಷ್ಟ್ರಗಳೂ ಕೂಡಿ ಯುವಜನರ ವಿನಿಮಯಕ್ಕಾಗಿಯೇ ಒಂದು ಕಚೇರಿಯನ್ನು ಸ್ಥಾಪಿಸಿದುವು. ಅದರ ನೆರವಿನಿಂದ ಅಂದಿನಿಂದ ಈಚೆಗೆ ಗಡಿ ದಾಟಿ ಪರಸ್ಪರ ಭೇಟಿಯಾದ ಬಾಲಕ ಬಾಲಕಿಯರ, ತರುಣ ತರುಣಿಯರ ಸಂಖ್ಯೆ 90 ಲಕ್ಷಕ್ಕೂ ಹೆಚ್ಚು.

ಇಬ್ಬರೂ ಗುರುಗಳು, ಇಬ್ಬರೂ ಶಿಷ್ಯರು

ಪರದೇಶದ ಗೆಳೆಯನಿಂದ ಭಾಷೆ ಕಲಿಯುವುದು ಆಗ ಹೊಸದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಪಾಲ್ ಮಿಯೆಯ್ ಎಂಬ ಫ್ರೆಂಚ್ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳಿಂದ ಇಂಗ್ಲೆಂಡಿನ ವಿದ್ಯಾರ್ಥಿಗಳಿಗೆ ಕಾಗದ ಬರೆಯಿಸುವ ಏರ್ಪಾಟು ಮಾಡಿದ್ದರು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮಾರ್ಟಿನ್ ಹಾರ್ಟ್‌ಮನ್ ಎಂಬ ಪ್ರಾಧ್ಯಾಪಕರು ಅದನ್ನು ಕೈಗೆತ್ತಿಕೊಂಡರು. ಅಂಚೆಯಣ್ಣ ಗುರುವಿನ ಕೆಲಸ ಮಾಡಿದ ಕಾಲ ಅದು.

ಈಗ ಈ ಪದ್ಧತಿಗೆ 'ಟ್ಯಾಂಡೆಮ್' ಎಂದು ಹೆಸರು. ಟ್ಯಾಂಡೆಮ್ ಎಂದರೆ ಇಬ್ಬರು ಹಿಂದೆ ಮುಂದೆ ಕುಳಿತು ತುಳಿಯುವ ಸೈಕಲ್ಲು. ಒಬ್ಬನೇ ತುಳಿದು ಇನ್ನೊಬ್ಬನು ಸುಮ್ಮನೆ ಕುಳಿತರೆ ಗಾಡಿ ಸಾಗುವುದು ಕಷ್ಟ. ನಿಯಮ ಬಹಳ ಸರಳ. ಫ್ರೆಂಚ್ ಮಾತೃಭಾಷೆಯಾಗುಳ್ಳವನೊಬ್ಬ, ಜರ್ಮನ್ ಮಾತೃಭಾಷೆಯಾಗುಳ್ಳವನೊಬ್ಬ ಜೊತೆಗೂಡುತ್ತಾರೆ. ಗಂಟೆ ಹೊತ್ತು ಮಾತಾಡುವುದಾದರೆ ಅರ್ಧಗಂಟೆ ಫ್ರೆಂಚು, ಅರ್ಧಗಂಟೆ ಜರ್ಮನ್. ಅರ್ಧಗಂಟೆಯ ಗುರು ಉಳಿದ ಅರ್ಧಗಂಟೆಗೆ ಶಿಷ್ಯನಾಗುತ್ತಾನೆ. ಏನನ್ನು ಕಲಿಯಬೇಕೆಂಬುದನ್ನು ಕಲಿಯುವವನೇ ನಿಶ್ಚಯಿಸುತ್ತಾನೆ. ಹಣದ ಲೇವಾದೇವಿ ಇಲ್ಲ. ಕನ್ನಡದಲ್ಲಿ ಇದಕ್ಕೆ ಒಪ್ಪುವ ಹಳೆಯ ಮಾತೊಂದಿದೆ: ಕೊಳುಕೊಡೆ. ಸರಕಿನ ವಿನಿಮಯಕ್ಕೂ ಹೆಣ್ಣು ತಂದು ಹೆಣ್ಣು ಕೊಡುವ ಬೀಗತನಕ್ಕೂ ಸಲ್ಲುವ ಆ ಮಾತು ಇಲ್ಲಿ ನುಡಿಗೂ ಸಲ್ಲುತ್ತದೆ.

ಕಾಗದದ ಮೂಲಕ ಕಲಿಯುವವರು ಕಾಗದದ ಅರ್ಧವನ್ನು ತಮ್ಮ ಭಾಷೆಯಲ್ಲಿ ಬರೆಯುತ್ತಾರೆ. ಅದು ಗೆಳೆಯನಿಗೆ ಮೇಲ್ಪಂಕ್ತಿ. ಉಳಿದರ್ಧವನ್ನು ಗೆಳೆಯನ ಭಾಷೆಯಲ್ಲಿ ಬರೆಯುತ್ತಾರೆ. ಅದು ತಮಗೆ ಅಭ್ಯಾಸ. ಉತ್ತರ ಬರುವಾಗ ತಮ್ಮ ತಪ್ಪುಗಳ ತಿದ್ದುಪಡಿಯೂ ಜೊತೆಗೆ ಬರುತ್ತದೆ. ತಪ್ಪುಗಳನ್ನೆಲ್ಲ ತಿದ್ದಬಾರದೆಂದು ಅನುಭವಿಗಳ ಸಲಹೆ. ಮುಖ್ಯವಾದ ಹತ್ತನ್ನು ತಿದ್ದಿದರೆ ಸಾಕು. ಪುಟವೆಲ್ಲ ಕೆಂಪಾದ ಕಾಗದವನ್ನು ಕಂಡವನು ಎರಡನೆಯ ಕಾಗದವನ್ನು ಬರೆಯಲಾರ. ಗಯಟೆಯ ಫ್ರೆಂಚ್ ಗೆಳೆಯರಿಗೆ ಈ ಗುಟ್ಟು ತಿಳಿದಿರಲಿಲ್ಲ. 1990ರ ದಶಕದಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾನಿಲಯದವರು ಮಿಂಚಂಚೆಯ ಮೂಲಕ ದೇಶದೇಶಗಳ ವಿದ್ಯಾರ್ಥಿಗಳನ್ನು ಹೀಗೆ ಜೊತೆಗೂಡಿಸಿದರು. ಈಗ ಮುಖವನ್ನು ನೋಡುತ್ತಲೇ ಮಾತಾಡುವ ಸೌಕರ್ಯ ಬಂದಿದೆ. ಉಪಕರಣ ಬದಲಾಯಿತು, ಅರ್ಧ ನಿನಗೆ, ಅರ್ಧ ನನಗೆ ಎಂಬ ನಿಯಮ ಬದಲಾಗಿಲ್ಲ.

ಹೀಗೆ ಕಲಿಯುವವರಿಗೆ ಎದುರಾಗುವ ತೊಡಕುಗಳು ಕೇಳಲು ವಿನೋದವಾಗಿವೆ. ತೊಂಬತ್ತೊಂಬತ್ತು ಎನ್ನಲು ಫ್ರೆಂಚರು ನಾಲ್ಕು ಇಪ್ಪತ್ತು ಹತ್ತು ಒಂಬತ್ತು ಎಂದು ಲೆಕ್ಕ ಹಾಕುತ್ತಾರೆ. ಜರ್ಮನ್ನರು ಇಪ್ಪತ್ತೊಂದನ್ನು ತಲೆಕೆಳಗು ಮಾಡಿ ಒಂದು ಮತ್ತು ಇಪ್ಪತ್ತು ಎನ್ನುತ್ತಾರೆ. ಕೈಗವಸನ್ನು ಅವರು ಕೈಯ ಜೋಡು ಎಂದು ಕರೆಯುತ್ತಾರೆ! ಫ್ರೆಂಚರ ಸೂರ್ಯ ಗಂಡು, ಚಂದ್ರ ಹೆಣ್ಣು. ಜರ್ಮನ್ನರ ಸೂರ್ಯ ಹೆಣ್ಣು, ಚಂದ್ರ ಗಂಡು. ಎರಡು ದಡಗಳನ್ನು ಕೂಡಿಸುವ ಸೇತುವೆಯಂತೂ ಎಡದಡದಲ್ಲಿ ಪುಲ್ಲಿಂಗ, ಬಲದಡದಲ್ಲಿ ಸ್ತ್ರೀಲಿಂಗ. ನಡುಹೊಳೆಯಲ್ಲಿ ಅದರ ಲಿಂಗವೇನೆಂದು ವೈಯಾಕರಣರೇ ಹೇಳಬೇಕು. ಜರ್ಮನ್ನಿನ ಉಪವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಫ್ರೆಂಚ್ ಹುಡುಗರು ವಾಕ್ಯ ಮುಗಿಯುವವರೆಗೂ ಉಸಿರು ಬಿಗಿಹಿಡಿದು ಕಾಯುತ್ತಾರೆ. ಕನ್ನಡಿಗನಿಗಾದರೆ ಈ ಕಾಯುವಿಕೆ ಹುಟ್ಟಿನಿಂದ ಬಂದ ಅಭ್ಯಾಸ. 'ನೀನು', 'ನೀವು' ಎಂಬ ಭೇದ ಎರಡು ಭಾಷೆಗಳಲ್ಲಿಯೂ ಉಂಟು. ಜೊತೆಗಾರನನ್ನು ನೀನೆಂದು ಕರೆದ ಹುಡುಗ ಅವನ ತಾಯಿಯೊಡನೆ ನೀವೆನ್ನಬೇಕೆಂಬ ಎಚ್ಚರ ಅಲ್ಲಿಯೂ ಅಗತ್ಯ.

ಮಾತುಕತೆ, ಪತ್ರವ್ಯವಹಾರಗಳಿಗಿಂತ ಮುಂದಿನ ಮೆಟ್ಟಿಲು ಮನೆಯ ವಾಸ. 2000ದಲ್ಲಿ ಆರಂಭವಾದ, ವೋಲ್ತೇರನ ಹೆಸರಿನ ಯೋಜನೆಯಲ್ಲಿ ಜರ್ಮನ್ ಶಾಲೆಯ ವಿದ್ಯಾರ್ಥಿ ಆರು ತಿಂಗಳು ಫ್ರಾನ್ಸಿನ ಜೊತೆಗಾರನ ಮನೆಯಲ್ಲಿ ಇರುತ್ತಾನೆ. ಫ್ರೆಂಚ್ ವಿದ್ಯಾರ್ಥಿ ಆರು ತಿಂಗಳು ಜರ್ಮನಿಯ ಮನೆಯಲ್ಲಿ ಇರುತ್ತಾನೆ. ಇನ್ನೊಬ್ಬರ ಮಗುವಿಗೆ ಹಾಸಿಗೆ ಹಾಸಿಕೊಟ್ಟ ತಾಯಿಗೆ ತನ್ನ ಮಗುವೂ ಇನ್ನೊಬ್ಬ ತಾಯಿಯ ಮನೆಯಲ್ಲಿ ಮಲಗಲಿದೆಯೆಂಬ ಅರಿವಿರುತ್ತದೆ. ಶಾಲೆಯ ಪುಸ್ತಕದಲ್ಲಿ ಸಿಗದ ಮಾತುಗಳೆಲ್ಲ ಅಲ್ಲಿ ಸಿಗುತ್ತವೆ. ಚಳಿಯಾದಾಗ ಹೊದಿಕೆ ಕೇಳುವುದು, ಬೇಡವಾದ ಊಟವನ್ನು ನೋಯಿಸದೆ ನಿರಾಕರಿಸುವುದು, ಮುನಿದ ಅಜ್ಜಿಯನ್ನು ಒಲಿಸುವುದು ಇವೆಲ್ಲ ವ್ಯಾಕರಣದಲ್ಲಿ ಇಲ್ಲ. ಹುಳಿಬರಿಸಿದ ಎಲೆಕೋಸು ಎರಡು ದಡಗಳಲ್ಲಿಯೂ ಮನೆಯಡಿಗೆಯೇ. ಹೆಸರು ಎರಡಾದರೂ ಪಾತ್ರೆಯೊಳಗಿನ ಪದಾರ್ಥ ಒಂದೇ ಎಂಬುದು ಊಟಕ್ಕೆ ಕುಳಿತಾಗ ತಿಳಿಯುತ್ತದೆ.

ಮೇಲ್ಹೊಳೆಯಿಂದ ಕನ್ನಡಕ್ಕೆ

ಇದೇ ರೈನ್ ನದಿಯ ಮೇಲ್ಭಾಗದ ಬಾಸೆಲ್ ನಗರಕ್ಕೂ ಕನ್ನಡಕ್ಕೂ ಇರುವ ಸಂಬಂಧವನ್ನು ಇಲ್ಲಿ ನೆನೆಯದಿರಲಾಗದು. 1815ರಲ್ಲಿ ಅಲ್ಲಿ ಸ್ಥಾಪಿತವಾದ ಮಿಷನ್ನಿನ ವತಿಯಿಂದ ಬಂದ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಇಲ್ಲಿಯ ಪಂಡಿತರಿಂದ ಕನ್ನಡ ಕಲಿತು, ಕನ್ನಡ ಛಂದಸ್ಸಿನಲ್ಲಿಯೇ ಕ್ರಿಸ್ತನ ಕಥೆಯನ್ನು ಬರೆದು, 1894ರಲ್ಲಿ ಕನ್ನಡಿಗರಿಗೆ ಮಹಾನಿಘಂಟನ್ನು ಕೊಟ್ಟರು. ಮತಪ್ರಚಾರಕ್ಕೆಂದು ಕಲಿತ ಭಾಷೆ ಅವರನ್ನೇ ಗೆದ್ದುಕೊಂಡಿತು. ಅವರು ಪಡೆದುದಕ್ಕಿಂತ ಕೊಟ್ಟುದು ಕಡಮೆಯೇನೂ ಅಲ್ಲ. ಕೊಳುಕೊಡೆ ಎಂದರೆ ಇದೂ ಹೌದು.

ಸೇತುವೆ ಮುಚ್ಚಿದ ಮೂರು ತಿಂಗಳು

ರೈನ್ ನದಿಯ ಟ್ರಾಮ್ ಸೇತುವೆಗೆ ಬಿಯಾಟಸ್ ರೆನಾನಸ್ ಎಂಬ ಹದಿನಾರನೆಯ ಶತಮಾನದ ಆಲ್ಸೇಸಿನ ವಿದ್ವಾಂಸನ ಹೆಸರನ್ನು ಇಟ್ಟಿದ್ದಾರೆ. ಮಹಾಪಂಡಿತ ಎರಾಸ್ಮಸನ ಗೆಳೆಯನಾಗಿ ಗ್ರಂಥಗಳ ನಡುವೆ ಬಾಳಿದವನು ಅವನು. ಅದರ ಬಳಿ ಕಾಲ್ನಡೆಯವರಿಗಾಗಿ 2004ರಲ್ಲಿ ತೆರೆದ ಇನ್ನೊಂದು ಸೇತುವೆ ಇದೆ. ಸ್ಟ್ರಾಸ್‌ಬರ್ಗಿನ ಕಡೆಯ ಬಂದರು ಪ್ರದೇಶದಲ್ಲಿ, 2014ರಿಂದ, ಎರಡು ದೇಶಗಳ ಹಸುಳೆಗಳನ್ನು ಒಟ್ಟಿಗೆ ನೋಡಿಕೊಳ್ಳುವ ಶಿಶುವಿಹಾರವಿದೆ. ಒಂದೇ ಗಿಲಿಕೆಗಾಗಿ ಎರಡು ಭಾಷೆಗಳಲ್ಲಿ ಹಟ ಹಿಡಿಯುವುದನ್ನು ಆ ಕೂಸುಗಳು ಅಲ್ಲಿ ಕಲಿಯುತ್ತವೆ.

2020ರ ಮಾರ್ಚ್ 16ರಂದು, ಸಾಂಕ್ರಾಮಿಕದ ಕಾರಣದಿಂದ ಜರ್ಮನಿಯು ಗಡಿಯಲ್ಲಿ ಕಾವಲು ಹಾಕಿತು. ಕಾಲ್ನಡೆಯ ಸೇತುವೆ ಮುಚ್ಚಿತು. ಟ್ರಾಮ್ ಫ್ರಾನ್ಸಿನ ದಡದಲ್ಲಿಯೇ ನಿಂತಿತು. ಒಂದು ದಡದಲ್ಲಿ ಮನೆ, ಇನ್ನೊಂದು ದಡದಲ್ಲಿ ಉದ್ಯೋಗ ಇದ್ದವರಿಗೂ, ಗಡಿಯಾಚೆ ಮಗಳನ್ನು ಕೊಟ್ಟವರಿಗೂ, ನದಿ ಮತ್ತೆ ನದಿಯಾಯಿತು. ಅದು ಗಡಿಯೆಂಬುದನ್ನು ಕಂಡರಿಯದ ತರುಣರು ಅದನ್ನು ಮೊದಲ ಬಾರಿಗೆ ಕಂಡರು. ಮುದುಕರಿಗೆ ಹಳೆಯ ದಿನಗಳು ನೆನಪಾದುವು. ಜೂನ್ 15ರಂದು ದಾರಿ ತೆರೆಯಿತು. ಮೂರು ತಿಂಗಳು ಇಷ್ಟು ದುಸ್ಸಹವಾಗಿ ತೋರಿತೆಂಬುದೇ ಅರವತ್ತು ವರ್ಷಗಳ ವಿನಿಮಯದ ಫಲಕ್ಕೆ ಸಾಕ್ಷಿ.

ಎಲ್ಲವೂ ಸುಗಮವಾಗಿದೆಯೆಂದು ಇದರ ಅರ್ಥವಲ್ಲ. ಎರಡು ದೇಶಗಳ ಮಕ್ಕಳೂ ಇಂಗ್ಲಿಷಿನ ಕಡೆಗೆ ವಾಲುತ್ತಿದ್ದಾರೆ. ನೆರೆಯವನೊಡನೆ ಮೂರನೆಯವನ ಭಾಷೆಯಲ್ಲಿ ಮಾತಾಡಿ ಮುಗಿಸುವ ಅಭ್ಯಾಸ ಬೆಳೆಯುತ್ತಿದೆ. ಆಲ್ಸೇಸಿನ ಮನೆಮಾತಂತೂ ತಲೆಮಾರಿನಿಂದ ತಲೆಮಾರಿಗೆ ಸವೆಯುತ್ತಿದೆ. 1990ರ ದಶಕದಿಂದ ಈಚೆಗೆ ಅಲ್ಲಿಯ ಹಲವು ಶಾಲೆಗಳಲ್ಲಿ ಅರ್ಧ ಹೊತ್ತು ಫ್ರೆಂಚು, ಅರ್ಧ ಹೊತ್ತು ಜರ್ಮನ್ ಎಂಬ ತರಗತಿಗಳು ನಡೆಯುತ್ತಿವೆ. ಅಜ್ಜಿ ತೊಟ್ಟಿಲ ಬಳಿ ಆಡುತ್ತಿದ್ದ ನುಡಿಯ ಬಂಧುವನ್ನು ಮೊಮ್ಮಗಳು ಪರಭಾಷೆಯೆಂದು ಹೆಸರಿಸಿದ ಪುಸ್ತಕದಿಂದ, ಕೇಲ್‌ನ ಜೊತೆಗಾರ್ತಿಯ ನೆರವಿನಿಂದ ಕಲಿಯುತ್ತಿದ್ದಾಳೆ. ಒಂದು ದಿನ ಅವಳು ಅಡಿಗೆಮನೆಯಲ್ಲಿ ಜರ್ಮನ್ ವಾಕ್ಯವೊಂದನ್ನು ಆಡಿ ತೋರಿಸಿದರೆ, ಬಹಳ ವರ್ಷಗಳಿಂದ ಆ ನುಡಿಯನ್ನು ಹೊರಗೆ ಆಡದಿದ್ದ ಅಜ್ಜಿ ತನ್ನ ಆಡುಮಾತಿನಲ್ಲಿ ಅದಕ್ಕೆ ಉತ್ತರ ಕೊಟ್ಟಾಳು. ಅಪ್ಪಣೆಗಳು ಬಂದು ಹೋದ ಆ ಮನೆಯಲ್ಲಿ, ಯಾರ ಅಪ್ಪಣೆಯೂ ಇಲ್ಲದೆ, ಮಾತು ಮತ್ತೆ ಆರಂಭವಾಗುವುದು ಅಂದೇ.